ಕೊನೆಯ ಇಪ್ಪತ್ತು ಮೀಟರಿಗೆ ಯಾವ ಕೋವಿ?

ಎದೆಯೆತ್ತರದ ಲಂಟಾನ. ಎಲೆಗಳ ಮೇಲೆ ಅಲ್ಲೊಂದು ಇಲ್ಲೊಂದು ರಕ್ತದ ಕಲೆ, ಅಂಚು ಆಗಲೇ ಕಪ್ಪಿಟ್ಟಿದೆ. ಜಾಡು ಹಿಡಿಯುವವನು ಬಗ್ಗಿ ನೆಲ ನೋಡುತ್ತಾ ನಡೆದಿದ್ದಾನೆ. ಅವನ ಹೆಗಲ ಪಕ್ಕ, ಒಂದು ಹೆಜ್ಜೆ ಹಿಂದೆ, ಕೋವಿ ಹಿಡಿದವನು ನೆಲ ನೋಡುವುದೇ ಇಲ್ಲ. ಅವನ ಕಣ್ಣೆಲ್ಲ ಪೊದೆಯ ಮೇಲೆ. ಹಿಂದಿನ ಸಂಜೆ ಮರಸಿನಿಂದ ಹೊಡೆದ ಈಡು ಹುಲಿಗೆ ತಾಗಿದೆ, ಆದರೆ ತಾಗಬೇಕಾದ ಜಾಗಕ್ಕೆ ತಾಗಿಲ್ಲ. ಎಲ್ಲೋ ಒಂದು ಕಾಡುಕೋಳಿ ಕೂಗಿ ಸುಮ್ಮನಾಗುತ್ತದೆ. ಆಮೇಲೆ ಒಂದು ಗುಟುರು, ಪೊದೆಯ ಅಲ್ಲಾಟ, ಹಳದಿಯ ಒಂದು ಗೆರೆ.

ಹುಲಿ ಗಂಟೆಗೆ 50 ಕಿ.ಮೀ. ವೇಗದಲ್ಲಿ ನುಗ್ಗಿತು ಎಂದಿಟ್ಟುಕೊಳ್ಳಿ. ಇಪ್ಪತ್ತು ಮೀಟರ್ ದಾಟಲು ಅದಕ್ಕೆ ಒಂದೂವರೆ ಸೆಕೆಂಡ್ ಸಾಕು. ಅಷ್ಟರೊಳಗೆ ನೋಡಬೇಕು, ಕೋವಿ ಹೆಗಲಿಗೇರಬೇಕು, ಗುರಿ ಕೂಡಬೇಕು, ಗುಂಡು ಹಾರಬೇಕು. ತಪ್ಪಿದರೆ ಇನ್ನೊಂದೂ ಹಾರಬೇಕು. ಅಪಾಯದ ಪ್ರಾಣಿಗೆ ಎಂಥ ರೈಫಲ್ ಬೇಕು ಎಂಬ ವಿಚಾರದಲ್ಲಿ ನೂರೈವತ್ತು ವರ್ಷಗಳಿಂದ ನಡೆದಿರುವ ವಾದ, ಅಳತೆ, ಕೋಷ್ಟಕಗಳೆಲ್ಲ ಸುತ್ತುವುದು ಈ ಒಂದೂವರೆ ಸೆಕೆಂಡಿನ ಸುತ್ತಲೇ.

ಕನ್ನಡದ ಓದುಗರಿಗೆ ಈ ಲೋಕ ಅರ್ಧ ಪರಿಚಿತ. ಕೆದಂಬಾಡಿ ಜತ್ತಪ್ಪ ರೈಗಳ ‘ಬೇಟೆಯ ನೆನಪುಗಳು’ ಓದಿದವರಿದ್ದಾರೆ. ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕಥೆಗಳನ್ನು ಶಾಲೆಯ ದಿನಗಳಲ್ಲೇ ಓದಿ ರಾತ್ರಿ ದೀಪ ಆರಿಸಲು ಹೆದರಿದವರು ಇನ್ನೂ ಹೆಚ್ಚು. ಕೋವಿಯನ್ನೇ ಮುಟ್ಟಿರದ ಮನೆಗಳಲ್ಲೂ ‘ವಿಂಚೆಸ್ಟರ್’ ಎಂಬ ಹೆಸರು ಗೊತ್ತು. ಆದರೆ ಆಂಡರ್ಸನ್ ಅದೇ ಕೋವಿಯನ್ನು ಏಕೆ ಹಿಡಿದ, ಅದು ಸರಿಯಾದ ಆಯ್ಕೆಯೇ ಎಂದು ನಾವ್ಯಾರೂ ಕೇಳಲಿಲ್ಲ.

ಉಪ್ಪಲ್ ರಿಂಗ್ ರೋಡಿನಿಂದ ಮುಂದೆ

ಆ ಬೇಟೆಯ ಲೋಕ ನಾನಿರುವ ಊರಿನಿಂದಲೂ ದೂರವಿಲ್ಲ. ಹೈದರಾಬಾದಿನ ಪೂರ್ವದ ಬಾಗಿಲು ಉಪ್ಪಲ್. ಹೊರಗಿನವರಿಗೆ ಉಪ್ಪಲ್ ಎಂದರೆ ಕ್ರಿಕೆಟ್ ಸ್ಟೇಡಿಯಂ. ನಮ್ಮಂಥ ನಿವಾಸಿಗಳಿಗೆ ಮೆಟ್ರೋ ಕಂಬಗಳು, ದೂಳು ಮತ್ತು ವರಂಗಲ್ ಬಸ್ಸಿಗಾಗಿ ರಿಂಗ್ ರೋಡಿನಲ್ಲಿ ಕಾಯುವ ಜನ. ಆ ಬಸ್ಸು ಹಿಡಿದು ವರಂಗಲ್ ದಾಟಿದರೆ ಪಾಖಾಲ್ ಕೆರೆ, ಇನ್ನೂ ಮುಂದೆ ಗೋದಾವರಿಯ ಅಂಚಿನಲ್ಲಿ ಏಟೂರುನಾಗಾರಂ ಕಾಡು. ನಿಜಾಮರ ಕಾಲದಲ್ಲಿ ಇವು ಹೆಸರಾಂತ ಶಿಕಾರಿ ಸೀಮೆ. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್‌ಗೆ ಹುಲಿ ಬೇಟೆಯ ಹುಚ್ಚು ಎಷ್ಟಿತ್ತೆಂದು ಹಳೇ ಹೈದರಾಬಾದಿನಲ್ಲಿ ಈಗಲೂ ಕಥೆ ಹೇಳುತ್ತಾರೆ. ನಮ್ಮ ಕಲಬುರಗಿ, ಬೀದರ್, ರಾಯಚೂರು ಆಗ ಇದೇ ಸಂಸ್ಥಾನದೊಳಗಿದ್ದವು.

ಬೆಂಗಳೂರಿನವರೆಂದೇ ನಾವು ತಿಳಿದಿರುವ ಕೆನೆತ್ ಆಂಡರ್ಸನ್ ಹುಟ್ಟಿದ್ದು ಇದೇ ನಗರದ ಉತ್ತರದ ಬೊಲ್ಲಾರಂನಲ್ಲಿ, 1910ರಲ್ಲಿ. ಇವತ್ತು ದೇಶದಲ್ಲಿ ಎಲ್ಲಾದರೂ ‘ನರಭಕ್ಷಕನನ್ನು ಕೊಲ್ಲಲು ಬೇಟೆಗಾರನನ್ನು ಕರೆಸಿದ್ದಾರೆ’ ಎಂಬ ಸುದ್ದಿ ಬಂದರೆ ಮೊದಲು ಕೇಳಿಬರುವ ಹೆಸರು ನವಾಬ್ ಶಫತ್ ಅಲಿ ಖಾನ್ ಅವರದು, ಅವರೂ ಹೈದರಾಬಾದಿನವರೇ. ಆ ಮಾತಿಗೆ ಆಮೇಲೆ ಬರೋಣ.

ಬೋರು, ಕ್ಯಾಲಿಬರು

ಮೊದಲು ಅಳತೆಯ ಗೊಂದಲ ಬಿಡಿಸಿಕೊಳ್ಳಬೇಕು. ಹಳೆಯ ಪದ್ಧತಿಯಲ್ಲಿ ಒಂದು ಪೌಂಡ್ ಸೀಸದಿಂದ ನಳಿಗೆಗೆ ಸರಿಹೊಂದುವ ಎಷ್ಟು ಗುಂಡು ಎರೆಯಬಹುದೋ ಆ ಸಂಖ್ಯೆಯೇ ಬೋರ್. ಹನ್ನೆರಡು ಗುಂಡಾದರೆ 12 ಬೋರ್. ಒಂದೊಂದು ಗುಂಡು ಸುಮಾರು 38 ಗ್ರಾಂ. ಹಾಗಾಗಿ ಸಂಖ್ಯೆ ಚಿಕ್ಕದಾದಷ್ಟೂ ಕೋವಿ ದೊಡ್ಡದು. 8 ಬೋರ್ ಎಂದರೆ 57 ಗ್ರಾಂ ಗುಂಡು, 4 ಬೋರ್ ಎಂದರೆ 113 ಗ್ರಾಂ.

ರೈಫಲ್ಲುಗಳದು ಬೇರೆ ಲೆಕ್ಕ. ನಳಿಗೆಯ ಒಳ ಅಗಲವನ್ನು ಇಂಚಿನ ದಶಾಂಶದಲ್ಲಿ ಹೇಳುತ್ತಾರೆ. .375 ಎಂದರೆ ಒಂಬತ್ತೂವರೆ ಮಿ.ಮೀ. ಆದರೆ ಹೆಸರಿನ ಸಂಖ್ಯೆಯನ್ನು ಪೂರ್ತಿ ನಂಬಬೇಡಿ: .470 ರೈಫಲ್ಲಿನ ಗುಂಡು ನಿಜಕ್ಕೂ .475 ಇಂಚು, .405ರದು .411. ತಯಾರಕರು ಅಳತೆಗಿಂತ ಕಿವಿಗೆ ಹಿತವಾದದ್ದನ್ನು ಹೆಸರಾಗಿಟ್ಟರು ಅನ್ನಿಸುತ್ತದೆ.

ಕಪ್ಪು ಮದ್ದಿನ ಕಾಲದಲ್ಲಿ ಗುಂಡಿನ ವೇಗವನ್ನು ಒಂದು ಮಿತಿಯಾಚೆಗೆ ಹೆಚ್ಚಿಸಲು ದಾರಿಯಿರಲಿಲ್ಲ. ಬಲ ಬೇಕೆಂದರೆ ತೂಕ ಹೆಚ್ಚಿಸುವುದೊಂದೇ ಉಪಾಯ. ಮೈಸೂರು ಸೀಮೆಯಲ್ಲಿ 1870ರ ದಶಕದಲ್ಲಿ ಖೆಡ್ಡಾ ನಡೆಸಿ ಆನೆ ಹಿಡಿದ ಜಿ.ಪಿ. ಸ್ಯಾಂಡರ್ಸನ್ ತನ್ನ ಕಾಡಿನ ಅನುಭವಗಳನ್ನು 1878ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಆ ಪೀಳಿಗೆಯವರು ಆನೆಗೆ, ಕಾಟಿಗೆ ಹಿಡಿಯುತ್ತಿದ್ದದ್ದು 8 ಬೋರ್, 4 ಬೋರ್‌ನಂಥ ರಾಕ್ಷಸ ಕೋವಿಗಳನ್ನೇ. ಹೊತ್ತು ನಡೆಯಲು ಒಬ್ಬ ಆಳು ಬೇಕು. ಹೊಡೆದ ಮೇಲೆ ಎದುರಿಗೆ ಹೊಗೆಯ ಗೋಡೆ. ಪ್ರಾಣಿ ಬಿದ್ದಿತೋ ತನ್ನತ್ತಲೇ ಬರುತ್ತಿದೆಯೋ ಎಂದು ನೋಡಲು ಪಕ್ಕಕ್ಕೆ ಹಾರಬೇಕು.

ಕಾರ್ಡೈಟ್ ಎಂಬ ಹೊಗೆಯಿಲ್ಲದ ಮದ್ದು ಬಂದ ಮೇಲೆ ಚಿತ್ರ ಬದಲಾಯಿತು. ಲಂಡನ್ನಿನ ಜಾನ್ ರಿಗ್ಬಿ ಕಂಪನಿ 1898ರಲ್ಲಿ ಹೊರತಂದ .450 ನೈಟ್ರೋ ಎಕ್ಸ್‌ಪ್ರೆಸ್, 8 ಬೋರಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತೂಕದ ಗುಂಡನ್ನು ಸೆಕೆಂಡಿಗೆ 650 ಮೀಟರ್ ವೇಗದಲ್ಲಿ ಹಾರಿಸಿತು. ತೆಳುವಾದ, ಉದ್ದನೆಯ, ಲೋಹದ ಕವಚದ ಗುಂಡು ಮೂಳೆಯೊಳಗೆ ಹೋದಷ್ಟು ಆ ಹಳೆಯ ಸೀಸದ ಉಂಡೆ ಎಂದೂ ಹೋಗಿರಲಿಲ್ಲ.

ಕೊಲ್ಲುವುದು ಬೇರೆ, ತಡೆಯುವುದು ಬೇರೆ

ಸ್ಕಾಟ್ಲೆಂಡಿನ ಡಬ್ಲ್ಯು.ಡಿ.ಎಂ. ಬೆಲ್ ಎಂಬಾತ ಆಫ್ರಿಕದಲ್ಲಿ ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದ, ಬಹುಪಾಲನ್ನು ಕೊಂದದ್ದು .275 ಎಂಬ ಸಣ್ಣ ರೈಫಲ್ಲಿನಲ್ಲಿ. ಅದರ ಗುಂಡು ಬರೀ 11 ಗ್ರಾಂ. ಇದನ್ನು ಓದಿದವರಿಗೆ ಕೂಡಲೇ ಅನ್ನಿಸುವುದು: ಹಾಗಾದರೆ ದೊಡ್ಡ ಕೋವಿ ಯಾಕೆ?

ಬೆಲ್ ಆನೆಯ ತಲೆಬುರುಡೆಯನ್ನು ಸೀಳಿಸಿ ಮಿದುಳು ಎಲ್ಲಿದೆ ಎಂದು ಅಧ್ಯಯನ ಮಾಡಿದ್ದ. ಆನೆಯ ಹಣೆ ನೋಡಲು ಬಂಡೆ. ಒಳಗೆ ಜೇನುಹಟ್ಟಿಯಂತೆ ಗಾಳಿಗೂಡುಗಳ ಮೂಳೆ. ಮಿದುಳು ಕೆಳಗೆ, ಹಿಂದೆ, ಕಿವಿಯ ಮಟ್ಟದಲ್ಲಿ ಕೂತಿದೆ. ಸ್ವಲ್ಪ ಮೇಲೆ ಹೊಡೆದರೂ ಗುಂಡು ಆ ಗೂಡುಗಳೊಳಗೆ ಹಾದುಹೋಗುತ್ತದೆ, ಆನೆಗೆ ಸಿಟ್ಟು ಬರುತ್ತದೆ, ಅಷ್ಟೇ. ಬೆಲ್ ಬಯಲಿನಲ್ಲಿ, ಬೆದರದೆ ನಿಂತ ಆನೆಗೆ, ಪಕ್ಕದಿಂದ, ಮಿದುಳಿಗೇ ಗುರಿಯಿಟ್ಟು ಹೊಡೆಯುತ್ತಿದ್ದ. ಗುಂಡು ಹಿಗ್ಗದ, ಘನವಾದದ್ದು. ನೇರ ಒಳಗೆ ಇಳಿಯುವಂಥದ್ದು. ಅಂಥ ಗುರಿಕಾರನಿಗೆ ಅಂಥ ಸಮಯವಿದ್ದರೆ ಸಣ್ಣ ಕೋವಿಯೂ ಕೊಲ್ಲುತ್ತದೆ.

ನುಗ್ಗಿ ಬರುವ ಪ್ರಾಣಿಯ ಮುಂದೆ ಆ ಸಮಯವಿಲ್ಲ. ಹೃದಯಕ್ಕೆ ಗುಂಡು ಬಿದ್ದ ಹುಲಿಯೂ ಸಾಯುವ ಮೊದಲು ಹಲವು ಸೆಕೆಂಡ್ ಓಡಬಲ್ಲದು. ಆ ಸೆಕೆಂಡುಗಳಲ್ಲಿ ಅದು ಮಾಡುವ ಹಾನಿಯನ್ನು ತಪ್ಪಿಸಬೇಕಾದರೆ ಗುಂಡು ನರಮಂಡಲವನ್ನೋ ಮುಂಗಾಲಿನ ಎಲುಬನ್ನೋ ಮುರಿದು ಪ್ರಾಣಿಯನ್ನು ನಿಂತಲ್ಲೇ ಕುಕ್ಕರಿಸಬೇಕು. ಗುರಿ ಎರಡು ಬೆರಳು ತಪ್ಪಿದರೂ ಪೆಟ್ಟು ಅದನ್ನು ಮುಗ್ಗರಿಸುವಂತಿರಬೇಕು. ದೊಡ್ಡ ಕ್ಯಾಲಿಬರಿನ ಕೆಲಸ ಇದು: ಬೇಟೆಗಾರನ ತಪ್ಪಿಗೆ ಒಂದಿಷ್ಟು ರಿಯಾಯಿತಿ. ಕೆಟ್ಟ ಗುರಿಯನ್ನು ಅದು ಒಳ್ಳೆಯ ಗುರಿ ಮಾಡುವುದಿಲ್ಲ. ಹೊಟ್ಟೆಗೆ ಬಿದ್ದ ದೊಡ್ಡ ಗುಂಡು, ಹೊಟ್ಟೆಗೆ ಬಿದ್ದ ಗುಂಡೇ.

ಬಲವನ್ನು ಅಳೆಯುವ ಒಂದು ಬಗೆ ಜೂಲ್ ಲೆಕ್ಕ. ಪೊಲೀಸರ ಕೈಯಲ್ಲಿರುವ ಎಕೆ-47 ಗುಂಡಿಗೆ ನಳಿಗೆಯ ಬಾಯಲ್ಲಿ ಸುಮಾರು 2,000 ಜೂಲ್. ಜಿಂಕೆ-ಹಂದಿಗೆ ಲೋಕವೆಲ್ಲ ಬಳಸುವ .30-06ಗೆ 3,900ರ ಆಸುಪಾಸು. ಆಂಡರ್ಸನ್ನರ ವಿಂಚೆಸ್ಟರ್ .405ಗೆ 4,300 ಚಿಲ್ಲರೆ. ಹಾಲಂಡ್ ಅಂಡ್ ಹಾಲಂಡ್ ಕಂಪನಿ 1912ರಲ್ಲಿ ತಂದ .375 ಮ್ಯಾಗ್ನಂ 5,700 ದಾಟುತ್ತದೆ; .470 ನೈಟ್ರೋ ಎಕ್ಸ್‌ಪ್ರೆಸ್ ಸುಮಾರು 6,900. ಈಗಲೂ ಕಾನೂನುಬದ್ಧ ಬೇಟೆಯಿರುವ ನಮೀಬಿಯದಲ್ಲಿ ಆನೆ, ಕಾಡೆಮ್ಮೆಗೆ ಕನಿಷ್ಠ 5,400 ಜೂಲ್ ಬೇಕೆಂಬ ನಿಯಮವಿದೆ. ಆಫ್ರಿಕದ ಹಲವು ಕಡೆ .375ಕ್ಕಿಂತ ಕೆಳಗೆ ಇಂಥ ಪ್ರಾಣಿಗಳ ಮುಂದೆ ಹೋಗುವಂತಿಲ್ಲ. ಆ ಅಳತೆಗೋಲಿನಲ್ಲಿ ನೋಡಿದರೆ, ನಮ್ಮ ಬಾಲ್ಯದ ಹೀರೋ ಆಂಡರ್ಸನ್ ಪುಂಡಾನೆಯ ಮುಂದೆ ನಿಂತದ್ದು ‘ಅನರ್ಹ’ ಕೋವಿ ಹಿಡಿದು!

ಜೂಲ್ ಎಲ್ಲವನ್ನೂ ಹೇಳುವುದಿಲ್ಲ ಎಂಬುದನ್ನೂ ಸೇರಿಸಬೇಕು. ಗುಂಡು ಯಾವ ಬಗೆಯದು ಎಂಬುದು ಅಷ್ಟೇ ಮುಖ್ಯ. ಗಂಡು ಹುಲಿ ಇನ್ನೂರು ಕಿಲೋ ಆಸುಪಾಸಿನ, ತೆಳು ಚರ್ಮದ ಪ್ರಾಣಿ. ಅದಕ್ಕೆ ಮೂತಿ ಮೆತ್ತಗಿರುವ, ಒಳಹೊಕ್ಕು ಅಣಬೆಯಂತೆ ಅರಳುವ ಸಾಫ್ಟ್ ನೋಸ್ ಗುಂಡು ಬೇಕು. ಘನ ಗುಂಡಾದರೆ ಈ ಕಡೆ ಹೊಕ್ಕು ಆ ಕಡೆ ಹೊರಟು, ಬಲದ ಬಹುಪಾಲು ಹಿಂದಿನ ಮರಕ್ಕೆ ಬಡಿಯುತ್ತದೆ. ನಾಲ್ಕೈದು ಟನ್ನಿನ ಸಲಗಕ್ಕೆ ತದ್ವಿರುದ್ಧ. ಅರಳುವ ಗುಂಡು ಬುರುಡೆಯ ಗೂಡುಗಳಲ್ಲೇ ಚಪ್ಪಟೆಯಾಗಿ ನಿಂತುಬಿಡುತ್ತದೆ. ಒಂದು ಟನ್ ತೂಗುವ ಕಾಟಿ ಈ ಎರಡರ ನಡುವೆ. ಒಂದೇ ರೈಫಲ್ಲಿಗೆ ಎರಡು ಬಗೆಯ ಗುಂಡು ಸಿಕ್ಕಿದ್ದರಿಂದ, ಎರಡೂ ಕೆಲಸ ಮಾಡಿದ್ದರಿಂದಲೇ .375ಕ್ಕೆ ಅಷ್ಟು ಹೆಸರು. ಒಂದೇ ಕೋವಿ ಕೊಳ್ಳಬೇಕೆಂದರೆ ಇದನ್ನೇ ಕೊಳ್ಳಿ ಎಂದು ನೂರು ವರ್ಷಗಳಿಂದ ಬೇಟೆಗಾರರು ಹೇಳುತ್ತಿದ್ದಾರೆ. ಅದರಲ್ಲಿ ತಪ್ಪು ಹುಡುಕಲು ನನಗೂ ಏನೂ ಸಿಗಲಿಲ್ಲ.

ಎರಡು ನಳಿಗೆಯ ಮೋಹ

ಕ್ಯಾಲಿಬರ್ ಆರಿಸಿದರೆ ಅರ್ಧ ಕೆಲಸ. ಯಂತ್ರ ಯಾವುದು? ಬೋಲ್ಟ್ ರೈಫಲ್ಲಿನಲ್ಲಿ ಒಂದು ಈಡು ಹೊಡೆದ ಮೇಲೆ ಹಿಡಿ ಎತ್ತಿ, ಹಿಂದಕ್ಕೆಳೆದು, ಮುಂದಕ್ಕೆ ತಳ್ಳಿ, ಕೆಳಗೊತ್ತಬೇಕು. ಕೈ ಪಳಗಿದವನಿಗೂ ಒಂದು ಸೆಕೆಂಡಿನ ಮೇಲೆ ಬೇಕು. ಜೋಡುನಳಿಗೆಯಲ್ಲಿ ಬೆರಳು ಒಂದು ಟ್ರಿಗರ್‌ನಿಂದ ಇನ್ನೊಂದಕ್ಕೆ ಸರಿದರೆ ಮುಗಿಯಿತು. ಒಂದು ಕಡೆಯದು ಕೆಟ್ಟರೂ ಇನ್ನೊಂದು ಕಡೆಯ ಯಂತ್ರ ಸ್ವತಂತ್ರ. ಒಂದು ನಳಿಗೆಯಲ್ಲಿ ಸಾಫ್ಟ್ ನೋಸ್, ಇನ್ನೊಂದರಲ್ಲಿ ಘನ ಗುಂಡು ತುಂಬಿಕೊಂಡು ಹೋಗಬಹುದು. ಆದರೆ ಎರಡಾದ ಮೇಲೆ ಕೈ ಖಾಲಿ. ಬೋಲ್ಟಿನಲ್ಲಿ ಇನ್ನೂ ಎರಡೋ ಮೂರೋ ಉಳಿದಿರುತ್ತವೆ.

ಬೆಲೆಯ ಮಾತೂ ಇದೆ. ಎರಡು ನಳಿಗೆಗಳ ಗುಂಡು ಒಂದೇ ಬಿಂದುವಿಗೆ ಬೀಳುವಂತೆ ಜೋಡಿಸುವುದು ಯಂತ್ರದ ಕೆಲಸವಲ್ಲ. ಕುಶಲಕರ್ಮಿ ಹೊಡೆದು ನೋಡಿ, ಬೆಸುಗೆ ಬಿಚ್ಚಿ, ಮತ್ತೆ ಬೆಸೆದು ಹೊಂದಿಸಬೇಕು. ಹಾಗಾಗಿ ಇಂಗ್ಲಿಷ್ ಜೋಡುನಳಿಗೆ ರೈಫಲ್ ಆಗಲೂ ರಾಜರ, ನವಾಬರ, ದೊಡ್ಡ ಸಾಹೇಬರ ಸ್ವತ್ತು.

ಇನ್ನು ಒದೆತ. .470ರ ಒದೆತ .30-06ದ ಮೂರು ಪಟ್ಟು. ಅದನ್ನು ತಾಳಲೆಂದೇ ಕೋವಿಯನ್ನು ಐದು ಕಿಲೋ ಭಾರ ಮಾಡುತ್ತಾರೆ. ಆ ಭಾರವನ್ನು ಏಪ್ರಿಲ್ ಬಿಸಿಲಿನಲ್ಲಿ ಹತ್ತು ಮೈಲಿ ಹೊರಬೇಕು. ಒದೆತಕ್ಕೆ ಹೆದರುವವನು ಟ್ರಿಗರ್ ಎಳೆಯುವ ಕ್ಷಣದಲ್ಲಿ ಕಣ್ಣು ಮುಚ್ಚುತ್ತಾನೆ, ಹೆಗಲು ಹಿಂದೆಗೆಯುತ್ತಾನೆ, ಗುಂಡು ಎಲ್ಲೋ ಹೋಗುತ್ತದೆ. ತಾನು ಹೆದರದೆ ಹೊಡೆಯಬಲ್ಲ ಅತಿ ದೊಡ್ಡ ಕೋವಿ ಯಾವುದೋ ಅದೇ ಅವನ ಕೋವಿ. ಇದು ಕೋಷ್ಟಕದಲ್ಲಿ ಸಿಗುವ ಸಂಖ್ಯೆಯಲ್ಲ, ಮೈದಾನದಲ್ಲಿ ಹೊಡೆದೇ ಕಂಡುಕೊಳ್ಳಬೇಕಾದದ್ದು.

ಒಂದು ಸರ್ಕಾರಿ ನಿಷೇಧದ ಕರಾಮತ್ತು

ಈ ಚರಿತ್ರೆಯ ಸ್ವಾರಸ್ಯದ ತಿರುವು ನಮ್ಮ ದೇಶದ್ದೇ. .450 ನೈಟ್ರೋ ಎಕ್ಸ್‌ಪ್ರೆಸ್ ಚೆನ್ನಾಗಿ ನಡೆಯುತ್ತಿತ್ತು. ಅದನ್ನು ಬಿಟ್ಟು ಬೇರೆ ಹುಡುಕುವ ಕಾರಣ ಯಾರಿಗೂ ಇರಲಿಲ್ಲ. ಆದರೆ ಬ್ರಿಟಿಷ್ ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕುಗಳೂ .450 ಅಳತೆಯವೇ. ಅವು ಬಂಡುಕೋರರ ಕೈಸೇರಿದ್ದವು. ಬೇಟೆಯ ಹೆಸರಿನಲ್ಲಿ ಬರುವ ಗುಂಡುಗಳು ಆ ಬಂದೂಕುಗಳಿಗೆ ಆಹಾರವಾದಾವು ಎಂಬ ಭಯದಿಂದ 1907ರಲ್ಲಿ ಭಾರತ ಮತ್ತು ಸೂಡಾನ್‌ಗೆ .450 ಕೋವಿ, ಗುಂಡು ಎರಡನ್ನೂ ತರುವಂತಿಲ್ಲ ಎಂದು ಸರ್ಕಾರ ನಿಷೇಧ ಹಾಕಿತು.

ಲಂಡನ್ನಿನ ಕೋವಿ ತಯಾರಕರಿಗೆ ಭಾರತ ಬಲು ದೊಡ್ಡ ಮಾರುಕಟ್ಟೆ. ಅವರು ನಿಷೇಧದ ಅಳತೆಯಿಂದ ಕೂದಲೆಳೆಯಷ್ಟು ಆಚೆ ಹೋದರು. .465, .470, .475 ಎಂದು ಒಂದರ ಹಿಂದೊಂದು ಬಂದವು. ಬಲದಲ್ಲಿ .450ಕ್ಕೂ ಇವಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಇವತ್ತು ಆಫ್ರಿಕದಲ್ಲಿ ಆನೆ ಬೇಟೆಯ ಅಚ್ಚುಮೆಚ್ಚಿನ ಜೋಡುನಳಿಗೆ ಎಂದು ಹೊಗಳಿಸಿಕೊಳ್ಳುವ .470, ಹಿಂದುಸ್ತಾನದ ಆಯುಧ ಕಾಯ್ದೆಯನ್ನು ನುಣುಚಿಕೊಳ್ಳಲು ಹುಟ್ಟಿದ ಕೂಸು.

ಅದೇ ತರ್ಕ ಸ್ವಾತಂತ್ರ್ಯದ ನಂತರವೂ ನಡೆಯಿತು. ಸೈನ್ಯದ .303 ಸಾಮಾನ್ಯ ಲೈಸೆನ್ಸುದಾರನಿಗೆ ನಿಷಿದ್ಧ. ಹಾಗಾಗಿ ಇಷಾಪುರದ ಸರ್ಕಾರಿ ಕಾರ್ಖಾನೆ ಅದೇ ಬಗೆಯ ಬೋಲ್ಟ್ ರೈಫಲ್ಲನ್ನು .315 ಅಳತೆಯಲ್ಲಿ ಮಾಡಿ ನಾಗರಿಕರಿಗೆ ಮಾರುತ್ತ ಬಂದಿದೆ. ನಮ್ಮಲ್ಲಿ ಯಾರಾದರೂ ‘ರೈಫಲ್ ಇದೆ’ ಎಂದರೆ ಬಹುಮಟ್ಟಿಗೆ ಅದೇ. ಜಿಂಕೆ, ಹಂದಿಗೆ ಸಾಕಷ್ಟಾಯಿತು. ಆನೆ, ಕಾಟಿಯ ಮುಂದೆ ಹಿಡಿಯುವ ಆಯುಧ ಅಲ್ಲ.

ತಹಶೀಲ್ದಾರರ ಬಂದೂಕು

ಹಾಗಾದರೆ ಹೆಸರಾದವರು ಏನು ಹಿಡಿದಿದ್ದರು? ಜಿಮ್ ಕಾರ್ಬೆಟ್ 1907ರಲ್ಲಿ ಚಂಪಾವತದ ಹೆಣ್ಣು ಹುಲಿಯ ಮೇಲೆ ಹೋದದ್ದು .500 ರೈಫಲ್ಲಿನೊಂದಿಗೆ. ಆ ಹುಲಿಯ ಲೆಕ್ಕದಲ್ಲಿ 436 ಸಾವುಗಳಿದ್ದವು. ಕಾರ್ಬೆಟ್ ಜೇಬಿನಲ್ಲಿದ್ದದ್ದು ಮೂರೇ ತೋಟಾ. ಮೂರೂ ಮುಗಿದ ಮೇಲೆ, ಗಾಯಗೊಂಡು ಎದುರು ನಿಂತ ಹುಲಿಗೆ ಹೊಡೆಯಲು ಓಡಿಹೋಗಿ ಜೊತೆಗಿದ್ದ ತಹಶೀಲ್ದಾರರ ಹಳೇ ಬಂದೂಕು ಇಸಿದುಕೊಳ್ಳಬೇಕಾಯಿತು. ಅದರ ನಳಿಗೆಗೂ ಹಿಂಬದಿಗೂ ನಡುವೆ ಬೆಳಕು ಕಾಣುವಷ್ಟು ಸಂದು! ಆ ಈಡು ಬಿದ್ದದ್ದು ಹುಲಿಯ ಪಾದಕ್ಕೆ. ಹುಲಿ ಸತ್ತದ್ದು ಮೊದಲಿನ ಗಾಯಗಳಿಂದ.

ಆ ಬೇಟೆಗೆ ಬಹುಮಾನವಾಗಿ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಕಾರ್ಬೆಟ್‌ಗೆ ಕೊಟ್ಟದ್ದು ರಿಗ್ಬಿ .275. ಬೆಲ್ ಆನೆಗಳಿಗೆ ಹಿಡಿದಿದ್ದ ಅದೇ ಸಣ್ಣ ಕ್ಯಾಲಿಬರ್. 1926ರ ಮೇ ತಿಂಗಳಲ್ಲಿ ರುದ್ರಪ್ರಯಾಗದ ನರಭಕ್ಷಕ ಚಿರತೆ ಬಿದ್ದದ್ದು ಅದಕ್ಕೇ. ಪೊದೆಯಲ್ಲಿ ಹುಲಿಯನ್ನು ನಡೆದು ಹುಡುಕುವಾಗ ಮಾತ್ರ ಕಾರ್ಬೆಟ್ ಜೆಫ್ರಿ ಕಂಪನಿಯ .450/400 ಜೋಡುನಳಿಗೆಯನ್ನು ನಂಬಿದ. ಕೂತು ಹೊಡೆಯಲು ಸಣ್ಣದು, ನಡೆದು ಹೊಡೆಯಲು ದೊಡ್ಡದು. ಈ ವಿಂಗಡಣೆಗಿಂತ ಒಳ್ಳೆಯ ಸಲಹೆಯನ್ನು ಯಾವ ಪುಸ್ತಕವೂ ಕೊಟ್ಟಿದ್ದು ನನಗೆ ಕಂಡಿಲ್ಲ.

ಆಂಡರ್ಸನ್ ರಾಜನೂ ಅಲ್ಲ, ಕಮಿಷನರನೂ ಅಲ್ಲ. ಬೆಂಗಳೂರಿನ ವಿಮಾನ ಕಾರ್ಖಾನೆಯ ನೌಕರ. ಕೈಯಲ್ಲಿದ್ದದ್ದು ಅಮೆರಿಕದ ಕಾರ್ಖಾನೆಯಲ್ಲಿ ತಯಾರಾದ ವಿಂಚೆಸ್ಟರ್ 1895 ಮಾದರಿ, .405, ಕೆಳಗಿನ ಲಿವರ್ ಎಳೆದು ತಳ್ಳಿದರೆ ಮುಂದಿನ ತೋಟಾ ಏರುವ ರೈಫಲ್. 1909ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಆಫ್ರಿಕಕ್ಕೆ ಇದನ್ನೇ ಒಯ್ದು, ಸಿಂಹಕ್ಕೆ ಇದು ಹೇಳಿ ಮಾಡಿಸಿದ್ದು ಎಂದು ಕೊಂಡಾಡಿದ್ದ. ಹುಲಿ, ಚಿರತೆ, ಕರಡಿಯವರೆಗೆ ಆ ಮಾತು ನಮ್ಮ ಕಾಡಿಗೂ ಸರಿ. ಅಗಲವಾದ ಗುಂಡು, ಹತ್ತಿರದ ಗುರಿ, ಲಿವರಿನ ವೇಗ. ಅರಸೀಕೆರೆಯ ಕಡೆ ಹನ್ನೆರಡು ಜನರನ್ನಾದರೂ ಕೊಂದ ಕರಡಿಯ ಕಥೆ ಓದಿದವರಿಗೆ, ಆ ಪ್ರಾಣಿ ಎಷ್ಟು ಅಪಾಯಕಾರಿ ಎಂದು ಗೊತ್ತು. ಆನೆಯ ವಿಷಯದಲ್ಲಿ ಮಾತ್ರ .405 ಗುಂಡು ಗಿಡ್ಡ; ತೂಕಕ್ಕೆ ಹೋಲಿಸಿದರೆ ಅಗಲ ಜಾಸ್ತಿಯಾಗಿ ಆಳಕ್ಕೆ ಇಳಿಯದು. ಆಂಡರ್ಸನ್ ಅದರಲ್ಲೇ ನಿಭಾಯಿಸಿದ. ಆಯ್ಕೆ ಸರಿಯಾಗಿತ್ತು ಎಂಬುದಕ್ಕಿಂತ ಆತ ಆ ಒಂದೇ ಕೋವಿಯನ್ನು ತನ್ನ ಕೈಯಷ್ಟೇ ಬಲ್ಲವನಾಗಿದ್ದ ಎಂಬುದು ಹೆಚ್ಚು ನಿಜವಿರಬೇಕು.

ಕೇಪಿನ ಕೋವಿಯವರು

ಈ ಮಾತೆಲ್ಲ ಸಾಹೇಬರದಾಯಿತು. ನಮ್ಮ ಮಲೆನಾಡು, ತುಳುನಾಡು, ಕೊಡಗಿನಲ್ಲಿ ಕ್ಯಾಲಿಬರ್ ಆರಿಸುವ ಪ್ರಶ್ನೆಯೇ ಹುಟ್ಟಲಿಲ್ಲ. ಮನೆಯಲ್ಲಿ ಇದ್ದದ್ದು ಒಂದು ಕೇಪಿನ ಕೋವಿ: ಬಾಯಿಂದ ಮದ್ದು ತುಂಬಿ, ಗಜದಿಂದ ಜಡಿದು, ಕೇಪು ಏರಿಸಿ ಹೊಡೆಯುವಂಥದ್ದು. ಅನುಕೂಲವಿದ್ದವರ ಮನೆಯಲ್ಲಿ 12 ಬೋರ್ ತೋಟಾ ಕೋವಿ, ಒಂಟಿನಳಿಗೆಯೋ ಜೋಡುನಳಿಗೆಯೋ. ಹಕ್ಕಿಗೆ ಸಣ್ಣ ಚರೆ, ಹಂದಿಗೆ ಎಲ್.ಜಿ. ತೋಟಾದ ದಪ್ಪ ಚರೆ, ಹುಲಿಗೆ ಇಡೀ ಗುಂಡು. ಕೇಪಿನ ಕೋವಿಯವನಿಗೆ ಎರಡನೇ ಈಡಿನ ಆಸೆಯೇ ಇಲ್ಲ. ಹಾಗಾಗಿ ಆತ ಮರಸಿನ ಜಾಗ, ಗಾಳಿಯ ದಿಕ್ಕು, ಪ್ರಾಣಿ ಬರುವ ದಾರಿ ಇವುಗಳ ಮೇಲೆ ಹಾಕಿದಷ್ಟು ಬುದ್ಧಿಯನ್ನು ಜೋಡುನಳಿಗೆಯ ಸಾಹೇಬ ಹಾಕಲಿಲ್ಲ.

ಕೊಡಗಿನವರ ಸ್ಥಿತಿ ವಿಶೇಷ. ಬ್ರಿಟಿಷರ ಕಾಲದಿಂದಲೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಆಯುಧ ಲೈಸೆನ್ಸಿನಿಂದ ವಿನಾಯಿತಿ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿದೆ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ. ಹುಲಿ ಹೊಡೆದವನಿಗೆ ಮದುವೆಯ ಗಂಡಿನಂತೆ ‘ನರಿ ಮಂಗಲ’ (ಕೊಡವ ಮಾತಿನಲ್ಲಿ ನರಿ ಎಂದರೆ ಹುಲಿ) ನಡೆಸುತ್ತಿದ್ದ ಸಮಾಜ ಅದು. ಅಲ್ಲಿಯೂ ಮನೆಮನೆಯ ಕೋವಿ ಎಂದರೆ 12 ಬೋರ್; .470 ಎಲ್ಲೋ ಒಂದೆರಡು ದೊಡ್ಡ ತೋಟದ ಬಂಗಲೆಯ ಮಾತು.

ಈಗ ಯಾರು ಆರಿಸಬೇಕು?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆ ಅಪರಾಧ. ಒಂದೇ ಕಿಂಡಿ ಉಳಿದಿದೆ: ಕಾಯ್ದೆಯ 11ನೇ ಕಲಂ. ಹುಲಿ, ಆನೆಯಂಥ ಪ್ರಾಣಿ ಮನುಷ್ಯರ ಜೀವಕ್ಕೆ ಅಪಾಯವೆಂದು ಖಚಿತವಾಗಿ, ಹಿಡಿಯಲು, ಅರಿವಳಿಕೆ ಕೊಡಲು, ಸ್ಥಳಾಂತರಿಸಲು ಸಾಧ್ಯವೇ ಇಲ್ಲವೆಂದಾದರೆ ಮಾತ್ರ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಲಿಖಿತ ಆದೇಶ ಕೊಡಬಹುದು.

ಆದೇಶಕ್ಕಿಂತ ಮೊದಲು ಬರುವುದು ‘ಯಾವ ಪ್ರಾಣಿ’ ಎಂಬ ಪ್ರಶ್ನೆ. ಆಂಡರ್ಸನ್ ಕಾಲದಲ್ಲಿ ಹೆಜ್ಜೆಗುರುತು ನೋಡಿ ಊಹಿಸುತ್ತಿದ್ದರು. ಈಗ ಕ್ಯಾಮೆರಾ ಬಲೆಯಲ್ಲಿ ಪಟ್ಟೆ ಹೋಲಿಸುತ್ತಾರೆ, ಕೂದಲು, ಲದ್ದಿ, ಜೊಲ್ಲಿನಿಂದ ಡಿಎನ್‌ಎ ತೆಗೆಯುತ್ತಾರೆ. ಇಲ್ಲಿನ ಉಪ್ಪಲ್ ರಸ್ತೆಯಲ್ಲೇ ಇರುವ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಈ ವಿದ್ಯೆಯಲ್ಲಿ ದೇಶಕ್ಕೆ ಮೊದಲಿನ ಹೆಸರು. ನಗರದ ಇನ್ನೊಂದು ಮೂಲೆ ಅತ್ತಾಪುರದಲ್ಲಿ ಅದರ ವನ್ಯಜೀವಿ ಪ್ರಯೋಗಾಲಯವಿದೆ. ದಿನವೂ ಸಿಸಿಎಂಬಿ ಗೇಟಿನ ಮುಂದೆ ಮೆಟ್ರೋಗೆ ಓಡುವ ನಮ್ಮಲ್ಲಿ ಹೆಚ್ಚಿನವರಿಗೆ ಇದು ಗೊತ್ತಿಲ್ಲ.

2018ರ ನವೆಂಬರ್ 2ರ ರಾತ್ರಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ‘ಅವನಿ’ ಎಂದು ಹೆಸರಾದ ಟಿ1 ಹುಲಿಯನ್ನು ಕೊಂದದ್ದು ಶಫತ್ ಅಲಿ ಖಾನ್ ಅವರ ಮಗ. ಹದಿಮೂರು ಸಾವುಗಳ ಆರೋಪ ಆ ಹುಲಿಯ ಮೇಲಿತ್ತು. ಅದನ್ನು ಕೊಲ್ಲುವ ಆದೇಶದಲ್ಲಿ ಮಧ್ಯೆ ಬರಲು ಸುಪ್ರೀಂ ಕೋರ್ಟ್ ಒಪ್ಪಿರಲಿಲ್ಲ. ಕೊಂದ ಮೇಲೆ ಎದ್ದ ವಿವಾದ ಮಾತ್ರ ದೊಡ್ಡದು: ಅರಿವಳಿಕೆಗೆ ನಿಜವಾಗಿ ಪ್ರಯತ್ನ ನಡೆಯಿತೇ, ನಿಯಮ ಪಾಲನೆಯಾಯಿತೇ, ಹುಲಿ ಮೇಲೆರಗಿತ್ತೇ? ಆ ಚರ್ಚೆಯಲ್ಲಿ ಕೋವಿಯ ಕ್ಯಾಲಿಬರ್ ಕೊನೆಯ ಸಾಲಿನ ವಿಷಯ.

ಕರ್ನಾಟಕದಲ್ಲಿ ಇಲಾಖೆಯ ಮೊದಲ ಆಯುಧ ಈಗ ಅರಿವಳಿಕೆ ಕೋವಿ. 2019ರ ಅಕ್ಟೋಬರಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಚೌಡಹಳ್ಳಿ ಬಳಿ ಜನರನ್ನು ಕೊಂದ ಹುಲಿಯನ್ನು ಹಾಗೇ ಜೀವಂತ ಹಿಡಿದರು. ಒಳ್ಳೆಯದೇ. ಆದರೆ ಮದ್ದಿನ ಸಿರಿಂಜು ಹಾರುವುದು ನಿಧಾನ, ಹತ್ತಿರದಿಂದಲೇ ಹೊಡೆಯಬೇಕು, ಹೊಡೆದ ಮೇಲೆ ಪ್ರಾಣಿ ತೂಕಡಿಸಲು ಹತ್ತು ನಿಮಿಷವಾದರೂ ಬೇಕು. ಆ ಹತ್ತು ನಿಮಿಷ ಅದು ಪೂರ್ತಿ ಎಚ್ಚರವಾಗಿರುತ್ತದೆ, ಕೆರಳಿರುತ್ತದೆ. 2023ರ ಆಗಸ್ಟ್ 31ರಂದು ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿ, ಆನೆಗಳಿಗೆ ಅರಿವಳಿಕೆ ಹೊಡೆಯುವುದರಲ್ಲಿ ರಾಜ್ಯಕ್ಕೇ ಹೆಸರಾಗಿದ್ದ ಇಲಾಖೆಯ ಗುರಿಕಾರ, ತಾನು ಆಗಷ್ಟೇ ಸಿರಿಂಜು ಹೊಡೆದ ‘ಭೀಮ’ನೆಂಬ ಸಲಗದ ಕಾಲಿಗೆ ಸಿಕ್ಕಿ ಸತ್ತರು. ಮೂರು ತಿಂಗಳ ನಂತರ, ಡಿಸೆಂಬರ್ 4ರಂದು, ಸಕಲೇಶಪುರದ ಯಸಳೂರಿನಲ್ಲಿ ಅಂಥದೇ ಕಾರ್ಯಾಚರಣೆಯಲ್ಲಿ ಮೈಸೂರು ದಸರಾದ ಅಂಬಾರಿ ಹೊತ್ತಿದ್ದ ಸಾಕಾನೆ ಅರ್ಜುನ ಕಾಡಾನೆಯ ತಿವಿತಕ್ಕೆ ಬಲಿಯಾದ.

ಅಂಥ ತಂಡದ ಹಿಂದೆ ಬೆಂಗಾವಲಾಗಿ ಒಬ್ಬ ದೊಡ್ಡ ರೈಫಲ್ ಹಿಡಿದವನು ನಿಂತಿರಬೇಕೆಂಬುದು ಲೋಕದ ರೂಢಿ. ಅವನ ಕೆಲಸ ಕೊಲ್ಲುವುದಲ್ಲ. ಬೇರೇನೂ ಉಳಿಯದಿದ್ದಾಗ ತಡೆಯುವುದು. ಅವನಿಗೆ .375 ಅಥವಾ .458 ಬೇಕು, ಘನ ಗುಂಡು ಬೇಕು, ವರ್ಷವಿಡೀ ಅಭ್ಯಾಸಕ್ಕೆ ತೋಟಾ ಬೇಕು. ನಮ್ಮ ಅರಣ್ಯ ಠಾಣೆಗಳಲ್ಲಿ ಸಾಮಾನ್ಯವಾಗಿ ಕಾಣುವುದು 12 ಬೋರ್ ಮತ್ತು .315. ನಾಗರಿಕರಿಗೆ ವಿದೇಶಿ ಕೋವಿಗಳ ಆಮದು 1980ರ ದಶಕದಿಂದಲೇ ನಿಂತಿದೆ; 2019ರ ತಿದ್ದುಪಡಿ ಒಬ್ಬನಿಗೆ ಎರಡೇ ಆಯುಧ ಎಂದಿದೆ. ಹಳೆಯ .470, .450/400ಗಳು ಅಜ್ಜಂದಿರ ಪೆಟ್ಟಿಗೆಯಲ್ಲೋ ಹರಾಜು ಮನೆಯಲ್ಲೋ ಇವೆ, ಅವಕ್ಕೆ ತೋಟಾ ಸಿಗುವುದೇ ಅಪರೂಪ.

ಹುಲಿಯನ್ನು ಕೊಲ್ಲಲೇಬೇಕಾದಾಗ ಏನು ಮಾಡಬೇಕೆಂದು ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ವಿವರವಾದ ಮಾರ್ಗಸೂಚಿ ಮಾಡಿದೆ. ಕೋವಿಯ ವಿಷಯಕ್ಕೆ ಬಂದಾಗ, ಪರಿಣತನಿಗೆ ಸೂಕ್ತ ಬೋರಿನ ಆಯುಧ ಕೊಡತಕ್ಕದ್ದು ಎಂದಷ್ಟೇ ಹೇಳಿ ಮುಂದೆ ಹೋಗುತ್ತದೆ. ಎಷ್ಟು ಜೂಲ್, ಯಾವ ಗುಂಡು, ವರ್ಷಕ್ಕೆ ಎಷ್ಟು ಈಡಿನ ಅಭ್ಯಾಸ ಎಂಬುದನ್ನು ಅಲ್ಲಿಯೇ ಒಂದು ಪುಟದಲ್ಲಿ ಬರೆಯಬಹುದು. ಜೂಲಿನ ಮಟ್ಟಿಗೆ ನಮೀಬಿಯದವರು ಬರೆದಿದ್ದಾರೆ. ಅಲ್ಲಿಯವರೆಗೆ ಆ ಆಯ್ಕೆ, ಘಟನೆ ನಡೆದ ರಾತ್ರಿ ಠಾಣೆಯ ಕಪಾಟಿನಲ್ಲಿ ಏನಿದೆಯೋ ಅದರ ಮೇಲೆ.